ಬೇಲ್ ತಗೊಂಡು ಪರಾರಿಯಾದವನನ್ನು ಪೊಲೀಸರಲ್ಲದವರು ಹಿಡಿಯೋದು ಹೇಗೆ? ಅಮೆರಿಕದ ಬೌಂಟಿ ಹಂಟರ್‌ಗಳ ಬಗ್ಗೆ ಗೊತ್ತಿರುವವರು ಹೇಳಿ

ಹೊಂಗೆಮರ

ಒಂದು ವಾರದಿಂದ ನಿದ್ದೆ ಬಿಟ್ಟು ಅಮೆರಿಕದ ಬೌಂಟಿ ಹಂಟರ್‌ಗಳ ಹಳೆಯ ರಿಯಾಲಿಟಿ ಶೋಗಳನ್ನು ನೋಡುತ್ತಿದ್ದೇನೆ. ಕಪ್ಪು ಜಾಕೆಟ್, ಸೊಂಟದಲ್ಲಿ ಕೈಕೋಳ, ಬಾಗಿಲು ಒದೆಯೋದು, ಹಿತ್ತಲಲ್ಲಿ ಅಟ್ಟಿಸಿಕೊಂಡು ಹೋಗೋದು, ಕೊನೆಗೆ ಹಿಡಿದವನನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಅಣ್ಣನ ಥರ ಬುದ್ಧಿ ಹೇಳೋದು. ನೋಡೋಕೆ ಮಜಾ ಇದೆ, ಸುಳ್ಳು ಹೇಳಲ್ಲ.

ಆದರೆ ಒಂದು ಪ್ರಶ್ನೆ ತಲೆ ಕೊರೆಯುತ್ತಿದೆ. ಇವರು ಪೊಲೀಸರಲ್ಲ. ಸರ್ಕಾರದ ಸಂಬಳ ಇಲ್ಲ. ಕೈಯಲ್ಲಿ ಸರ್ಚ್ ವಾರಂಟ್ ಇದ್ದ ಹಾಗೂ ಕಾಣಲ್ಲ. ಹಾಗಿದ್ದ ಮೇಲೆ ಇನ್ನೊಬ್ಬರ ಮನೆ ಬಾಗಿಲು ಮುರಿದು ಒಳಗೆ ನುಗ್ಗೋಕೆ ಇವರಿಗೆ ಹಕ್ಕು ಕೊಟ್ಟವರು ಯಾರು? ನಾನು ಹಾಗೆ ಮಾಡಿದರೆ ಅಪಹರಣ, ಇವರು ಮಾಡಿದರೆ ಉದ್ಯೋಗ, ಇದೆಂಥ ಲೆಕ್ಕ? ದುಡ್ಡು ಯಾರು ಕೊಡುತ್ತಾರೆ, ಎಷ್ಟು ಸಿಗುತ್ತದೆ, ಟಿವಿಯಲ್ಲಿ ತೋರಿಸುವಷ್ಟು ಗಲಾಟೆ ನಿಜಕ್ಕೂ ಇರುತ್ತದಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಕಟಕಟೆ

ಮೊದಲು ದುಡ್ಡಿನ ದಾರಿ ನೋಡಿ. ಅದು ಅರ್ಥವಾದರೆ ಉಳಿದದ್ದು ಸುಲಭ.

ಒಬ್ಬನನ್ನು ಹಿಡಿದು ಜೈಲಿಗೆ ಹಾಕುತ್ತಾರೆ. ಜಡ್ಜ್ 50,000 ಡಾಲರ್ ಬೇಲ್ ಅನ್ನುತ್ತಾರೆ. ಅಷ್ಟು ದುಡ್ಡು ಅವನ ಹತ್ತಿರ ಎಲ್ಲಿಂದ ಬರಬೇಕು? ಜೈಲಿನ ಎದುರಿಗೇ ರಾತ್ರಿಯೆಲ್ಲ ದೀಪ ಹಾಕಿಕೊಂಡು ಬೇಲ್ ಬಾಂಡ್ ಆಫೀಸುಗಳು ಕೂತಿರುತ್ತವೆ. ಅವನ ಮನೆಯವರು ಅಲ್ಲಿಗೆ ಹೋಗಿ ಸಾಮಾನ್ಯವಾಗಿ ನೂರಕ್ಕೆ 10ರ ಲೆಕ್ಕದಲ್ಲಿ 5,000 ಡಾಲರ್ ಕಟ್ಟುತ್ತಾರೆ. ಈ ದುಡ್ಡು ವಾಪಸ್ ಬರಲ್ಲ, ನಾಳೆ ಕೇಸೇ ಬಿದ್ದುಹೋದರೂ ಬರಲ್ಲ. ಬಾಂಡ್‌ನವನು ಕೋರ್ಟಿಗೆ 'ಇವನು ವಾಯಿದೆ ದಿನ ಬರದಿದ್ದರೆ ಪೂರ್ತಿ 50,000 ನಾನು ಕಟ್ಟುತ್ತೇನೆ' ಅಂತ ಬರೆದುಕೊಡುತ್ತಾನೆ. ಅವನ ಬೆನ್ನಿಗೆ ಒಂದು ಇನ್ಶೂರೆನ್ಸ್ ಕಂಪನಿ ಇರುತ್ತದೆ. ಅವನ ಮುಂದೆ, ಟೇಬಲ್‌ನ ಈ ಕಡೆ, ಆರೋಪಿಯ ಅಮ್ಮನೋ ಹೆಂಡತಿಯೋ ಜಾಮೀನುದಾರರಾಗಿ ಸಹಿ ಹಾಕುತ್ತಾರೆ. ಈ ಸಹಿ ನೆನಪಿಟ್ಟುಕೊಳ್ಳಿ.

ಆರೋಪಿ ಬರಲಿಲ್ಲ ಅಂದರೆ ಜಡ್ಜ್ ವಾರಂಟ್ ಹೊರಡಿಸಿ, ಬಾಂಡ್ ಮುಟ್ಟುಗೋಲು ಅಂತ ಘೋಷಿಸುತ್ತಾರೆ. ಆದರೆ ಅವತ್ತೇ ದುಡ್ಡು ಕೇಳಲ್ಲ. ಗಡುವು ಇರುತ್ತದೆ, ಅದು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ 180 ದಿನ, ನೋಟಿಸ್ ಅಂಚೆಯಲ್ಲಿ ಬಂದರೆ ಅದಕ್ಕೆ ಇನ್ನೂ 5 ದಿನ. ಅಷ್ಟರೊಳಗೆ ಆಸಾಮಿಯನ್ನು ತಂದು ಒಪ್ಪಿಸಿದರೆ ಬಾಂಡ್‌ನವನ ದುಡ್ಡು ಉಳಿಯಿತು. ಬೌಂಟಿ ಹಂಟರ್ ಹುಟ್ಟುವುದು ಈ ಗಡುವಿನ ಒಳಗೆ.

ಇನ್ನು ಹಕ್ಕಿನ ಮಾತು. ಎಲ್ಲರೂ ತೋರಿಸುವುದು 1872ರ ಒಂದು ಸುಪ್ರೀಂ ಕೋರ್ಟ್ ತೀರ್ಪನ್ನು, ಟೇಲರ್ ವರ್ಸಸ್ ಟೇಂಟರ್. ಅದರಲ್ಲಿ ಹೇಳಿದ್ದರ ತಿರುಳು ಇಷ್ಟು: ಬೇಲ್ ಸಿಕ್ಕಿತು ಅಂದರೆ ಆರೋಪಿ ಬಿಡುಗಡೆಯಾದ ಅಂತ ಅಲ್ಲ, ಜೈಲಿನವರ ಕೈಯಿಂದ ಕೋರ್ಟಿಗೆ ಜಾಮೀನು ನಿಂತವನ, ಇಲ್ಲಿ ಬಾಂಡ್‌ನವನ, ಕೈಗೆ ಬಂದ ಅಂತ. ಜಾಮೀನು ನಿಂತವನು ಆರೋಪಿಯನ್ನು ಯಾವಾಗ ಬೇಕಾದರೂ ಹಿಡಿದು ಒಪ್ಪಿಸಬಹುದು, ಬೇರೆ ರಾಜ್ಯಕ್ಕೆ ಬೆನ್ನಟ್ಟಿ ಹೋಗಬಹುದು, ಭಾನುವಾರವೂ ಹಿಡಿಯಬಹುದು, ಬೇಕಾದರೆ ಆರೋಪಿಯ ಮನೆ ಬಾಗಿಲು ಮುರಿಯಬಹುದು, ಈ ಕೆಲಸವನ್ನು ತನ್ನ ಏಜೆಂಟ್‌ಗೂ ವಹಿಸಬಹುದು. ಜೈಲಿಂದ ತಪ್ಪಿಸಿಕೊಂಡ ಕೈದಿಯನ್ನು ಮತ್ತೆ ಹಿಡಿಯುವುದಕ್ಕೆ ಹೊಸ ವಾರಂಟ್ ಬೇಕಾಗಿಲ್ಲ ಅಲ್ವಾ, ಹಾಗೆ.

ತಮಾಷೆ ಏನು ಗೊತ್ತಾ? ಆ ಕೇಸಿನಲ್ಲಿ ಯಾರೂ ಯಾರ ಬಾಗಿಲನ್ನೂ ಮುರಿದಿರಲಿಲ್ಲ. ಕನೆಕ್ಟಿಕಟ್‌ನಲ್ಲಿ 8,000 ಡಾಲರ್ ಬೇಲ್ ಪಡೆದವನೊಬ್ಬ ನ್ಯೂಯಾರ್ಕಿಗೆ ಹೋದ. ಅಲ್ಲಿ ಅವನನ್ನು ಇನ್ಯಾವುದೋ ಕೇಸಿಗೆ ಮೇನ್ ರಾಜ್ಯದವರು ಹಿಡಿದುಕೊಂಡು ಹೋದರು, ಹಾಗಾಗಿ ಕನೆಕ್ಟಿಕಟ್‌ನ ವಾಯಿದೆಗೆ ಬರಲಾಗಲಿಲ್ಲ. ಜಾಮೀನುದಾರರು ದುಡ್ಡು ಕಟ್ಟಬೇಕೋ ಬೇಡವೋ ಅನ್ನೋದಷ್ಟೇ ಜಗಳ. ಕಟ್ಟಬೇಕು ಅಂದಿತು ಕೋರ್ಟ್. ಬಾಗಿಲು ಮುರಿಯುವ ಸಾಲು ಮಾತಿನ ಮಧ್ಯೆ ಬಂದದ್ದು. ನೂರೈವತ್ತು ವರ್ಷದ ಒಂದು ಉದ್ಯೋಗ ಅದರ ಮೇಲೆ ನಿಂತಿದೆ.

ರಾತ್ರಿಪಾಳಿ

ಕಟಕಟೆ ಅವರು ಕಾನೂನು ಹೇಳಿದರು, ನಾನು ಒಳಗಿನ ಕಥೆ ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಒಂದು ಬಾಂಡ್ ಆಫೀಸಿನಲ್ಲಿ ಎರಡು ವರ್ಷ ರಾತ್ರಿ ಟೇಬಲ್ ನೋಡಿಕೊಂಡಿದ್ದೆ. ಹೆಸರು ಬೇಡ.

ಟಿವಿಯಲ್ಲಿ ಬರುವುದು ಕೊನೆಯ ಐದು ನಿಮಿಷ. ಅದರ ಹಿಂದೆ ವಾರಗಟ್ಟಲೆ ಫೋನು, ಫೈಲು, ಕಾರಿನೊಳಗೆ ಕೂತು ಕಾಯೋದು. ಓಡಿಹೋದವನಿಗೆ ನಮ್ಮಲ್ಲಿ 'ಸ್ಕಿಪ್' ಅನ್ನುತ್ತಿದ್ದೆವು, ಹುಡುಕುವ ಕೆಲಸಕ್ಕೆ 'ಸ್ಕಿಪ್ ಟ್ರೇಸಿಂಗ್'. ಬೌಂಟಿ ಹಂಟರ್ ಅನ್ನುವ ಹೆಸರು ಅವರಿಗೇ ಅಷ್ಟು ಇಷ್ಟ ಇಲ್ಲ, 'ರಿಕವರಿ ಏಜೆಂಟ್' ಅಂತ ಹೇಳಿಕೊಳ್ಳುತ್ತಾರೆ.

ಕೋರ್ಟಿಗೆ ಬರದವರೆಲ್ಲ ಓಡಿಹೋದವರು ಅಂತ ಅಂದುಕೊಳ್ಳಬೇಡಿ. ನಾನು ನೋಡಿದವರಲ್ಲಿ ಜಾಸ್ತಿ ಜನ ತಾರೀಕು ಮರೆತವರು, ಕೆಲಸದಿಂದ ರಜೆ ಸಿಗದವರು, ಬಸ್ಸು ತಪ್ಪಿಸಿಕೊಂಡವರು, ಹೆದರಿ ಮನೆಯಲ್ಲೇ ಕಂಬಳಿ ಹೊದ್ದು ಮಲಗಿದವರು. ಅವರಿಗೆ ಒಂದು ಫೋನ್ ಸಾಕು. ಮಾರಾಯ, ನಿನ್ನ ಮೇಲೆ ವಾರಂಟ್ ಆಗಿದೆ, ನಾಳೆ ಬೆಳಿಗ್ಗೆ ಬಾ, ಹೊಸ ತಾರೀಕು ಕೇಳೋಣ. ಅಷ್ಟೇ. ಕೈಕೋಳ ಇಲ್ಲ, ಜಾಕೆಟ್ ಇಲ್ಲ, ಕ್ಯಾಮೆರಾ ಮೊದಲೇ ಇಲ್ಲ.

ನಿಜವಾಗಿ ತಲೆಮರೆಸಿಕೊಂಡವರಿಗೆ ಬೇರೆ ದಾರಿ. ಬಾಂಡ್ ಬರೆಯುವಾಗಲೇ ನಾವು ಉದ್ದದ ಅರ್ಜಿ ತುಂಬಿಸಿಕೊಂಡಿರುತ್ತೇವೆ. ಕೆಲಸ ಎಲ್ಲಿ, ಹಿಂದಿನ ಮನೆ ಎಲ್ಲಿ, ಕಾರಿನ ನಂಬರ್ ಏನು, ಮೈಮೇಲೆ ಹಚ್ಚೆ ಎಲ್ಲೆಲ್ಲಿ, ಹಳೆಯ ಹೆಂಡತಿ ಯಾರು, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು. ಜೈಲಿಂದ ಹೊರಗೆ ಬರುವ ಆತುರದಲ್ಲಿ ಜನ ಏನು ಕೇಳಿದರೂ ಬರೆದುಕೊಡುತ್ತಾರೆ. ಆರು ತಿಂಗಳ ನಂತರ ಅವರನ್ನು ಹಿಡಿದುಕೊಡುವುದು ಅವರದೇ ಅಕ್ಷರ. ಫೇಸ್‌ಬುಕ್ ಬಂದ ಮೇಲಂತೂ ಕೇಳಲೇಬೇಡಿ, ಅವನು ಹುಷಾರಾಗಿದ್ದರೆ ಅವನ ಹುಡುಗಿ ಹುಷಾರಾಗಿರಲ್ಲ, ತಟ್ಟೆಯ ಫೋಟೊ ಹಾಕಿದರೆ ಪಕ್ಕದಲ್ಲಿ ಅವನ ಕೈ, ಕೈಮೇಲೆ ಹಚ್ಚೆ.

ಒಂದು ಫೋನ್ ಇನ್ನೂ ಕಿವಿಯಲ್ಲೇ ಇದೆ. ಮಗನಿಗೆ ಜಾಮೀನು ಹಾಕಿದ್ದ ಅಮ್ಮ. ನನ್ನ ಮಗ ಎಲ್ಲಿದ್ದಾನೋ ದೇವರಿಗೇ ಗೊತ್ತು, ನಾನು ಒಬ್ಬಳೇ ಇದ್ದೇನೆ ಅಂದರು. ಹಿಂದೆ ಟಿವಿ ಜೋರಾಗಿ ಕಿರುಚುತ್ತಿತ್ತು. ಕ್ಷಮಿಸಿ, ಸರಿಯಾಗಿ ಕೇಳಿಸುತ್ತಿಲ್ಲ ಅಂದೆ. ಅವರು 'ಹಲೋ, ಹಲೋ' ಅನ್ನುತ್ತಲೇ ಇದ್ದರು, ಅಷ್ಟರಲ್ಲಿ ಟಿವಿ ಮೆತ್ತಗಾಯಿತು. ಅದು ಹಳೆಯ ಗೋಡೆ ಫೋನು, ಸುತ್ತು ವೈರಿನದ್ದು, ಅಡುಗೆಮನೆಯಲ್ಲಿ. ಅವರ ಮನೆಗೆ ಕಾಗದ ಸಹಿ ಮಾಡಿಸೋಕೆ ನಾನೇ ಹೋಗಿದ್ದೆ, ಟಿವಿ ಇದ್ದದ್ದು ಆ ಕಡೆಯ ಕೋಣೆಯಲ್ಲಿ. ಒಬ್ಬರೇ ಇದ್ದರೆ ರಿಮೋಟ್ ಒತ್ತಿದ್ದು ಯಾರು?

ದುಡ್ಡಿನ ವಿಷಯ ಕೇಳಿದಿರಿ. ಹಿಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಾಂಡ್ ಮೊತ್ತದ ನೂರಕ್ಕೆ 10 ಅನ್ನೋದು ಸಾಮಾನ್ಯ ಮಾತು, ಕಷ್ಟದ ಕೇಸಿಗೆ 20ರವರೆಗೂ ಹೋಗುತ್ತದೆ. ಈಗ ಮೇಲಿನ ಲೆಕ್ಕಕ್ಕೆ ಬನ್ನಿ: 50,000ದ ಬಾಂಡ್‌ಗೆ ಆಫೀಸಿಗೆ ಬಂದದ್ದೇ 5,000, ಹಿಡಿದು ತಂದವನಿಗೆ ಹೋಗುವುದೂ 5,000. ಒಬ್ಬ ಓಡಿಹೋದರೆ ಆ ಕೇಸಿನ ಲಾಭ ಅಲ್ಲಿಗೇ ಮುಗಿಯಿತು. ಅದಕ್ಕೇ ನಮ್ಮ ಯಜಮಾನರು ಹಂಟರ್‌ಗಿಂತ ಮೊದಲು ಫೋನ್ ಎತ್ತುತ್ತಿದ್ದರು. ಹಂಟರ್‌ಗಳಿಗೂ ಪೆಟ್ರೋಲು, ಮೋಟೆಲ್ಲು, ಊಟ ಎಲ್ಲ ಕೈಯಿಂದಲೇ.

ಮೂರನೇ ಮಹಡಿ

ಚೆನ್ನಾಗಿದೆ, ಎಲ್ಲ ಮಜವಾಗಿ ಹೇಳುತ್ತಿದ್ದೀರಿ. ನಾನು ಬಾಗಿಲಿನ ಈ ಕಡೆ ನಿಂತಿದ್ದವನು, ನನ್ನದೂ ಕೇಳಿ.

ಓದೋಕೆ ಹೋದ ಮೊದಲ ವರ್ಷ. ಬಾಡಿಗೆ ಮನೆ, ಮೂವರು ಹುಡುಗರು. ಬೆಳಗಿನ ಜಾವ ಐದೂವರೆಗೆ ಬಾಗಿಲು ಬಡಿಯೋ ಸದ್ದು. ಬಡಿಯೋದು ಅಂದರೆ ಬೆರಳಲ್ಲಿ ಅಲ್ಲ, ಮುಷ್ಟಿಯಲ್ಲಿ. ಕಿಂಡಿಯಲ್ಲಿ ನೋಡಿದರೆ ಇಬ್ಬರು, ಎದೆಗೆ ಗುಂಡು ತಡೆಯೋ ಜಾಕೆಟ್, ಅದರ ಮೇಲೆ ದೊಡ್ಡ ಅಕ್ಷರದಲ್ಲಿ 'ಏಜೆಂಟ್'. ಯಾರದೋ ಹೆಸರು ಕೂಗಿ, ಬಾಗಿಲು ತೆಗಿ, ಒಳಗೇ ಇದ್ದೀಯ ಅಂತ ಗೊತ್ತು ಅನ್ನುತ್ತಿದ್ದಾರೆ. ನನಗೆ ಪೊಲೀಸ್ ಅಂತಲೇ ಅನ್ನಿಸಿತು. ವೀಸಾದ ಮೇಲೆ ಇರೋ ಹುಡುಗನಿಗೆ ಆ ಹೊತ್ತಲ್ಲಿ ಏನೇನು ಹೊಳೆಯುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ನನ್ನ ರೂಮ್‌ಮೇಟ್ ಬುದ್ಧಿವಂತ, ಬಾಗಿಲು ತೆಗೆಯದೆ 911ಕ್ಕೆ ಫೋನ್ ಮಾಡಿದ. ನಿಜವಾದ ಪೊಲೀಸ್ ಬಂದರು. ಆಮೇಲೆ ಗೊತ್ತಾಯಿತು, ಅವರು ಹುಡುಕುತ್ತಿದ್ದವನು ನಮಗಿಂತ ಮೊದಲು ಆ ಮನೆಯಲ್ಲಿದ್ದವನು, ಖಾಲಿ ಮಾಡಿ ಒಂದೂವರೆ ವರ್ಷ ಆಗಿತ್ತು. ಅವನ ಹೆಸರಿನ ಕಾಗದಗಳು ನಮ್ಮ ಡಬ್ಬಿಗೆ ಬರುತ್ತಲೇ ಇದ್ದವು, ನಾವು ಸುಮ್ನೆ ಕಿಟಕಿ ಹತ್ತಿರ ಪೇರಿಸಿಡುತ್ತಿದ್ದೆವು.

ಅವರಲ್ಲೊಬ್ಬ 'ಸಾರಿ ಬ್ರೋ' ಅಂದ. ಹೋದರು. ಬಾಗಿಲ ಚೌಕಟ್ಟು ಬಿರುಕು ಬಿಟ್ಟಿದ್ದಕ್ಕೆ ಮನೆ ಮಾಲೀಕ ನಮ್ಮ ಡೆಪಾಸಿಟ್‌ನಲ್ಲಿ ಮುರಿದುಕೊಂಡ.

1872ರ ಜಡ್ಜ್‌ಗಳು ಇದನ್ನು ಯೋಚಿಸಿದ್ದರಾ?

ಕಟಕಟೆ

@ಮೂರನೇ ಮಹಡಿ, ನಿಮಗೆ ಆದದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಸಹಿ ಹಾಕಿದ್ದು ಅವನು, ಅವನ ಒಪ್ಪಂದ ಅವನನ್ನು ಕಟ್ಟಿಹಾಕುತ್ತದೆಯೇ ಹೊರತು ನಿಮ್ಮನ್ನಲ್ಲ. ಸಂಬಂಧವೇ ಇಲ್ಲದವರ ಮನೆಗೆ ನುಗ್ಗಿದರೆ ಬೌಂಟಿ ಹಂಟರ್ ಮೇಲೆ ಕೇಸ್ ಬೀಳುತ್ತದೆ, ಬಿದ್ದಿವೆ ಕೂಡ.

ಆ ಹಳೆಯ ಸಾಲನ್ನು ರಾಜ್ಯಗಳು ಒಂದೊಂದಾಗಿ ಬಿಗಿ ಮಾಡಿವೆ. ಕ್ಯಾಲಿಫೋರ್ನಿಯಾದಲ್ಲಿ ಪೊಲೀಸ್ ಥರದ ಬ್ಯಾಡ್ಜ್, ಯೂನಿಫಾರ್ಮ್ ಹಾಕುವಂತಿಲ್ಲ, ಯಾರ ಪರವಾಗಿ ಬಂದಿದ್ದೇವೆ ಅನ್ನುವ ಕಾಗದ ಜೊತೆಯಲ್ಲೇ ಇರಬೇಕು, ತೀರಾ ತುರ್ತು ಬಿಟ್ಟರೆ ಹಿಡಿಯುವ ಮೊದಲಿನ ಆರು ಗಂಟೆಯೊಳಗೆ ಅಲ್ಲಿನ ಪೊಲೀಸರಿಗೆ ತಿಳಿಸಬೇಕು. ಟೆಕ್ಸಾಸ್‌ನಲ್ಲಿ ಸುಮ್ನೆ ಯಾರೋ ಒಬ್ಬ ದಾರಿಹೋಕನಿಗೆ ಈ ಕೆಲಸ ಕೊಡುವಂತಿಲ್ಲ, ಪೊಲೀಸ್ ಅಧಿಕಾರಿಯೋ ಲೈಸೆನ್ಸ್ ಇರುವ ಪತ್ತೇದಾರನೋ ಲೈಸೆನ್ಸ್ ಇರುವ ಸೆಕ್ಯೂರಿಟಿ ಸಂಸ್ಥೆಯ ಶಸ್ತ್ರಧಾರಿ ಗಾರ್ಡೋ ಆಗಿರಬೇಕು.

ಕೆಲವು ರಾಜ್ಯಗಳು ಈ ವ್ಯಾಪಾರವನ್ನೇ ಬೇಡ ಅಂದಿವೆ. ಕೆಂಟಕಿ 1976ರಲ್ಲೇ ಬಾಂಡ್ ಅಂಗಡಿಗಳನ್ನು ಮುಚ್ಚಿಸಿತು. ಒರೆಗಾನ್, ವಿಸ್ಕಾನ್ಸಿನ್‌ನಲ್ಲೂ ಇಲ್ಲ. ಇಲಿನಾಯ್ ಇನ್ನೂ ಮುಂದೆ ಹೋಗಿ 2023ರ ಸೆಪ್ಟೆಂಬರ್ 18ರಿಂದ ದುಡ್ಡಿನ ಬೇಲ್ ಅನ್ನುವುದನ್ನೇ ತೆಗೆದುಹಾಕಿತು. ಇದನ್ನು ಹೀಗೆ ಅಂಗಡಿ ಹಾಕಿ ವ್ಯಾಪಾರ ಮಾಡುವ ದೇಶ ಅಮೆರಿಕ ಬಿಟ್ಟರೆ ಫಿಲಿಪ್ಪೀನ್ಸ್ ಅಂತ ಹೇಳುತ್ತಾರೆ, ಬೇರೆ ಹಲವು ಕಡೆ ಲಾಭಕ್ಕೆ ಜಾಮೀನು ನಿಲ್ಲುವುದೇ ತಪ್ಪು.

ಹೊಂಗೆಮರ

ಅಯ್ಯೋ @ಮೂರನೇ ಮಹಡಿ, ಡೆಪಾಸಿಟ್ ಮುರಿದುಕೊಂಡದ್ದು ಮಾತ್ರ ಅನ್ಯಾಯದ ಮೇಲೆ ಅನ್ಯಾಯ.

ಇನ್ನೊಂದು ಪ್ರಶ್ನೆ. ರಾಜ್ಯ ದಾಟಿ ಹಿಡಿಯಬಹುದು ಅಂದಿರಿ. ದೇಶ ದಾಟಿದರೆ? ಮೆಕ್ಸಿಕೋಗೆ ಹೋದರೆ ಮುಗೀತಾ?

ಕಟಕಟೆ

ಓಡಿದವನ ಕಥೆ ಮುಗಿಯದೇ ಇರಬಹುದು, ಹಿಡಿಯೋಕೆ ಹೋದವನ ಕಥೆ ಮುಗಿಯುತ್ತದೆ. ಗಡಿಯಾಚೆ ಆ 1872ರ ತೀರ್ಪಿಗೆ ಮೂರು ಕಾಸಿನ ಬೆಲೆ ಇಲ್ಲ.

1981ರಲ್ಲಿ ಫ್ಲಾರಿಡಾದ ಕೋರ್ಟಿಗೆ ಬಾರದೆ ಟೊರಾಂಟೊದಲ್ಲಿದ್ದ ಸಿಡ್ನಿ ಜಾಫಿ ಅನ್ನುವ ಉದ್ಯಮಿಯನ್ನು ಇಬ್ಬರು ಬೌಂಟಿ ಹಂಟರ್‌ಗಳು ಅವನ ಮನೆ ಹತ್ತಿರವೇ ಹಿಡಿದು, ಗಡಿ ದಾಟಿಸಿ ಫ್ಲಾರಿಡಾಕ್ಕೆ ತಂದು ಒಪ್ಪಿಸಿದರು. ಕೆನಡಾ ಬಿಡಲಿಲ್ಲ, ನಮ್ಮ ನೆಲದಿಂದ ಮನುಷ್ಯನನ್ನು ಅಪಹರಿಸಿದ್ದಾರೆ, ಆ ಇಬ್ಬರನ್ನೇ ನಮಗೆ ಒಪ್ಪಿಸಿ ಅಂತ ಅಮೆರಿಕವನ್ನು ಕೇಳಿತು. ನಮ್ಮ ಕೆಲಸ ನಮ್ಮ ಕಾನೂನಿನಲ್ಲಿ ಸರಿ ಅಂತ ಅವರು ವಾದ ಮಾಡಿದರು, ಅಮೆರಿಕದ ಕೋರ್ಟೇ ಒಪ್ಪಲಿಲ್ಲ. 1983ರಲ್ಲಿ ಮೇಲ್ಮನವಿಯೂ ಬಿತ್ತು. ಕೆನಡಾಕ್ಕೆ ಕಳಿಸಿದರು, ಅಲ್ಲಿ ಅಪಹರಣಕ್ಕೆ ಶಿಕ್ಷೆ ಆಯಿತು.

ನೀವು ನೋಡುತ್ತಿರುವ ಶೋದ ಹೀರೋ ಡುವೇನ್ ಚಾಪ್‌ಮನ್, ಅದೇ 'ಡಾಗ್', ಆಗಿದ್ದರೆ ಅವನದು ಇನ್ನೂ ಮಜಾ. ಆಂಡ್ರೂ ಲಸ್ಟರ್ ಅಂತ, ಮೇಕಪ್ ಸಾಮಾನಿನ ಕಂಪನಿ ಮ್ಯಾಕ್ಸ್ ಫ್ಯಾಕ್ಟರ್‌ನ ಮನೆತನದವನು, ಅತ್ಯಾಚಾರದ ಕೇಸಿನಲ್ಲಿ 10 ಲಕ್ಷ ಡಾಲರ್ ಬೇಲ್ ಮೇಲಿದ್ದವನು, 2003ರ ಜನವರಿಯಲ್ಲಿ ವಿಚಾರಣೆ ನಡೆಯುತ್ತಿರುವಾಗಲೇ ಮಾಯವಾದ. ಅವನಿಲ್ಲದೆಯೇ 124 ವರ್ಷ ಶಿಕ್ಷೆ ಬಿತ್ತು. ಜೂನ್‌ನಲ್ಲಿ ಡಾಗ್ ಅವನನ್ನು ಮೆಕ್ಸಿಕೋದ ಪ್ವೆರ್ಟೊ ವಯಾರ್ಟಾದಲ್ಲಿ ಹಿಡಿದ. ಮೆಕ್ಸಿಕೋದಲ್ಲಿ ಬೌಂಟಿ ಹಂಟಿಂಗ್ ಅಪರಾಧ, ಅಲ್ಲಿನ ಪೊಲೀಸರು ಎಲ್ಲರನ್ನೂ ಒಟ್ಟಿಗೆ ಒಳಗೆ ಹಾಕಿದರು. ಲಸ್ಟರ್ ಅಮೆರಿಕದ ಜೈಲಿಗೆ ಹೋದ. ಡಾಗ್‌ಗೆ ಮೆಕ್ಸಿಕೋದವರು ಬೇಲ್ ಕೊಟ್ಟರು. ಅವನು ಏನು ಮಾಡಿದ ಹೇಳಿ ನೋಡೋಣ? ಬೇಲ್ ಹಾರಿ ಅಮೆರಿಕಕ್ಕೆ ಬಂದುಬಿಟ್ಟ! 2006ರಲ್ಲಿ ಹವಾಯಿಯ ಅವನ ಮನೆಗೆ ಯು.ಎಸ್. ಮಾರ್ಷಲ್‌ಗಳು (ಅಲ್ಲಿನ ಕೇಂದ್ರ ಸರ್ಕಾರದ ಪೊಲೀಸರು) ಬಂದು ಅವನನ್ನೇ ಎತ್ತಿಕೊಂಡು ಹೋದರು. 2007ರಲ್ಲಿ ಮೆಕ್ಸಿಕೋ ಕೋರ್ಟ್ ಕೇಸ್ ಕೈಬಿಟ್ಟ ಮೇಲೆ ಬಚಾವಾದ. ಲಸ್ಟರ್‌ನ ಬೇಲ್ ದುಡ್ಡಿನಲ್ಲಿ ನನಗೂ ಪಾಲು ಕೊಡಿ ಅಂತ ಕೇಳಿದ್ದಕ್ಕೆ ಕ್ಯಾಲಿಫೋರ್ನಿಯಾದ ಜಡ್ಜ್ ಇಲ್ಲ ಅಂದಿದ್ದರು.

ಲೆಕ್ಕದ ಮೇಷ್ಟ್ರು

ಎಲ್ಲರೂ ಬೈದಾಯಿತು, ನಾನು ಸ್ವಲ್ಪ ಅವರ ಪರ ಮಾತಾಡುತ್ತೇನೆ. ಪೊಲೀಸರಿಗೆ ವಾರಂಟ್ ಗುಡ್ಡೆಯೇ ಬಿದ್ದಿರುತ್ತದೆ, ಸಣ್ಣ ಕಳ್ಳನ ಹಿಂದೆ ಹೋಗೋಕೆ ಪುರುಸೊತ್ತಿಲ್ಲ, ಎಲ್ಲೋ ಟ್ರಾಫಿಕ್ಕಿನಲ್ಲಿ ಗಾಡಿ ತಡೆದಾಗ ಕಂಪ್ಯೂಟರ್‌ನಲ್ಲಿ ಹೆಸರು ಬಂದರೆ ಹಿಡಿದರು, ಇಲ್ಲದಿದ್ದರೆ ಇಲ್ಲ. ಹೆಲ್ಲಂಡ್ ಮತ್ತು ತಬರೋಕ್ ಅನ್ನುವ ಅರ್ಥಶಾಸ್ತ್ರಜ್ಞರು 2004ರಲ್ಲಿ ಲೆಕ್ಕ ಹಾಕಿದ್ದಾರೆ. ಬರೀ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟವರಿಗೆ ಹೋಲಿಸಿದರೆ ಬಾಂಡ್‌ನವರ ಕೈಯಲ್ಲಿರುವವರು ಕೋರ್ಟ್ ತಪ್ಪಿಸುವುದು 28% ಕಡಿಮೆ, ತಪ್ಪಿಸಿದರೂ ತುಂಬಾ ದಿನ ಸಿಗದೇ ಉಳಿಯುವುದು 53% ಕಡಿಮೆ. ಸರ್ಕಾರದ ಬೊಕ್ಕಸದಿಂದ ಒಂದು ಪೈಸೆ ಇಲ್ಲದೆ. ಕೇಸಿನ ಆ ಕಡೆ ಒಬ್ಬ ಏಟು ತಿಂದವನು, ದುಡ್ಡು ಕಳೆದುಕೊಂಡವನು ಇರುತ್ತಾನೆ, ಅವನೂ ವಾಯಿದೆ ದಿನ ಕೋರ್ಟಿನಲ್ಲಿ ಕಾಯುತ್ತಾನೆ ಅನ್ನೋದನ್ನು ಮರೆಯಬೇಡಿ.

ಮೂರನೇ ಮಹಡಿ

ಮೇಷ್ಟ್ರೇ, ಲೆಕ್ಕಕ್ಕೆ ಲೆಕ್ಕ. ನ್ಯೂಯಾರ್ಕ್ ನಗರದಲ್ಲಿ ಸಣ್ಣ ಅಪರಾಧಗಳ ಸಮನ್ಸ್ ಇದ್ದವರಿಗೆ ಸುಮ್ನೆ ಫೋನಿಗೆ ಮೆಸೇಜ್ ಕಳಿಸಿ ನೋಡಿದರು, ಕೋರ್ಟ್ ತಪ್ಪಿಸುವುದು 21% ಇಳಿಯಿತು. ಸಮನ್ಸ್ ಕಾಗದದಲ್ಲಿ ತಾರೀಕು ಕಣ್ಣಿಗೆ ಕಾಣುವ ಹಾಗೆ ಅಚ್ಚು ಹಾಕಿದ್ದಕ್ಕೇ 13% ಇಳಿಯಿತು. 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದದ್ದು. ಮೆಸೇಜ್ ಯಾರ ಬಾಗಿಲ ಚೌಕಟ್ಟನ್ನೂ ಮುರಿಯಲ್ಲ.

ಲೆಕ್ಕದ ಮೇಷ್ಟ್ರು

ಮರೆತವನಿಗೆ ಮೆಸೇಜ್ ಸರಿ. ಪ್ವೆರ್ಟೊ ವಯಾರ್ಟಾದಲ್ಲಿ ಸಮುದ್ರದ ಅಲೆ ಹತ್ತುತ್ತಿದ್ದವನಿಗೆ ಮೆಸೇಜ್ ಕಳಿಸಿ ನೋಡಿ. (ಡೆಪಾಸಿಟ್ ವಿಷಯದಲ್ಲಿ ಮಾತ್ರ ನಾನು ನಿಮ್ಮ ಪರ.)

ಹೊಂಗೆಮರ

ನೀವಿಬ್ಬರೂ ಜಗಳ ಮುಂದುವರಿಸಿ. @ರಾತ್ರಿಪಾಳಿ, ಆ ಟಿವಿ ಅಮ್ಮನ ಕಥೆಯನ್ನು ಅರ್ಧಕ್ಕೇ ಬಿಟ್ಟುಬಿಟ್ಟಿರಿ. ಬಾಗಿಲು ಮುರಿದರಾ?

ರಾತ್ರಿಪಾಳಿ

ಇಲ್ಲ. ಮನೆ ಅಮ್ಮನದು, ಮಗನದಲ್ಲ. ಅವನು ಬೇಲ್ ಅರ್ಜಿಯಲ್ಲಿ ಬೇರೆ ವಿಳಾಸ ಕೊಟ್ಟಿದ್ದ, ಹಾಗಾಗಿ ಅವರು ಕರೆಯದೆ ಒಳಗೆ ಹೋಗುವ ಹಾಗಿರಲಿಲ್ಲ. ನಮ್ಮ ಆಫೀಸು ಒಬ್ಬ ಏಜೆಂಟ್‌ನನ್ನು ಕಳಿಸಿತು. ಐವತ್ತು ದಾಟಿದ ಮನುಷ್ಯ, ಮೊದಲು ಲಾರಿ ಓಡಿಸುತ್ತಿದ್ದವನು, ಮಂಡಿ ನೋವು. ಬೀದಿಯ ತುದಿಯಲ್ಲಿ ಕಾರು ನಿಲ್ಲಿಸಿಕೊಂಡು ಎರಡು ರಾತ್ರಿ ಕೂತ. ಎಂಜಿನ್ ಆಫ್, ಹೀಟರ್ ಇಲ್ಲ, ಗಾಜಿಗೆ ಉಸಿರು ಹಬೆ ಕಟ್ಟದ ಹಾಗೆ ಕಿಟಕಿ ಒಂದು ಬೆರಳಷ್ಟು ಇಳಿಸಿಕೊಂಡು. ಹುಡುಗ ಹೊರಗೆ ಕಾಲಿಡಲಿಲ್ಲ.

ಈ ಕಡೆ ನಾನು ಅಮ್ಮನಿಗೆ ಮತ್ತೆ ಫೋನ್ ಮಾಡಿದೆ. ಅವರು ಬಾಂಡ್‌ಗೆ ಅಡ ಇಟ್ಟಿದ್ದು ತಮ್ಮ ಕಾರನ್ನು. ಕಾರಿನ ಒಡೆತನದ ಕಾಗದಕ್ಕೆ ಕ್ಯಾಲಿಫೋರ್ನಿಯಾದವರು ಪಿಂಕ್ ಸ್ಲಿಪ್ ಅನ್ನುತ್ತಾರೆ, ಅದು ನಮ್ಮ ಬೀರುವಿನಲ್ಲಿತ್ತು. ಆ ಕಾರಿನಲ್ಲೇ ಅವರು ಬೆಳಿಗ್ಗೆ ನಾಲ್ಕಕ್ಕೆ ಕೆಲಸಕ್ಕೆ ಹೋಗುತ್ತಿದ್ದದ್ದು. ನಾನು ಹೆದರಿಸಲಿಲ್ಲ, ನಿಜವಾಗಲೂ. ಗಡುವಿಗೆ ಇನ್ನು ಎಷ್ಟು ದಿನ ಇದೆ, ಅದಾದ ಮೇಲೆ ಕಾರು ಯಾರದಾಗುತ್ತದೆ ಅಂತ ಓದಿ ಹೇಳಿದೆ ಅಷ್ಟೇ. ಅವರು ಏನೂ ಅನ್ನಲಿಲ್ಲ. ಈ ಸಲ ಟಿವಿ ಸದ್ದು ಇರಲಿಲ್ಲ.

ಸೋಮವಾರ ಬೆಳಿಗ್ಗೆ ಅಮ್ಮ, ಮಗ ಇಬ್ಬರೂ ಅದೇ ಕಾರಿನಲ್ಲಿ ಕೋರ್ಟಿಗೆ ಬಂದರು. ಮುಟ್ಟುಗೋಲು ರದ್ದಾಯಿತು, ಹೊಸ ತಾರೀಕು ಸಿಕ್ಕಿತು. ಏಜೆಂಟ್ ಆಫೀಸಿಗೆ ಬಂದು ತನ್ನ ಎರಡು ರಾತ್ರಿಯ ದುಡ್ಡು ಕೇಳಿದ. ಹಿಡಿದು ತಂದವನು ನೀನಲ್ಲವಲ್ಲ ಅಂದರು ಯಜಮಾನರು. ಅವನು ವಾದ ಮಾಡಲಿಲ್ಲ. ಪೆಟ್ರೋಲ್ ಚೀಟಿ ತೋರಿಸಿದ, ಅದಕ್ಕೆ 40 ಡಾಲರ್ ಕೊಟ್ಟೆವು, ನಮ್ಮ ಮೆಷಿನ್‌ನಿಂದ ಒಂದು ಕಾಫಿ ತಗೊಂಡು ಮುಂದಿನ ಫೈಲ್ ಎತ್ತಿಕೊಂಡು ಹೋದ.